ಗದೆ ದೊಡ್ಡದಾದರೆ ಮಂತ್ರವೂ ದೊಡ್ಡದಾಗುವುದೇ?

ಮುಧೋಳ ರನ್ನನ ನಾಡು. ಆ ತಾಲ್ಲೂಕಿನ ಬೆಳಗಲಿ ಕವಿಯ ಹೆಸರನ್ನೂ ಸೇರಿಸಿಕೊಂಡು ಇಂದು 'ರನ್ನ ಬೆಳಗಲಿ' ಎನಿಸಿದೆ. ಹತ್ತನೆಯ ಶತಮಾನದ ಈ ಕವಿಯ 'ಗದಾಯುದ್ಧ'ದ ಕಥೆ ನಿಮಗೆಲ್ಲ ಗೊತ್ತಿರುವುದೇ. ಕುರುಕ್ಷೇತ್ರದ ದಿವ್ಯಾಸ್ತ್ರಗಳ ಸದ್ದು ಅಡಗಿದ ಮೇಲೆ ಭೀಮ ಮತ್ತು ದುರ್ಯೋಧನ ಗದೆ ಹಿಡಿದು ಎದುರುಬದುರಾಗುತ್ತಾರೆ. ಭೀಮನ ಪೆಟ್ಟಿಗೆ ದುರ್ಯೋಧನನ ತೊಡೆ ಮುರಿಯುತ್ತದೆ.

ಈ ಕಥೆಯನ್ನು ಮುಂದಿಟ್ಟುಕೊಂಡು ಎರಡು ಪ್ರಶ್ನೆ ಕೇಳೋಣ. ಭೀಮನ ಗದೆಯ ಉದ್ದ, ಅಗಲ, ದಪ್ಪ ಎಲ್ಲವೂ ಎರಡರಷ್ಟಾದರೆ ಅದರ ಪೆಟ್ಟು ಎಷ್ಟರಷ್ಟಾಗುತ್ತದೆ? ಇದು ಮೊದಲ ಪ್ರಶ್ನೆ. ಆ ಗದೆಗೆ ಯಾರೋ ಅಗ್ನಿಮಂತ್ರವನ್ನು ಕಟ್ಟಿದ್ದಾರೆ, ಹೊಡೆದಾಗ ಅದು ಸುಡುತ್ತದೆ ಎಂದು ಭಾವಿಸಿ. ಗದೆ ಎರಡರಷ್ಟಾದಾಗ ಆ ಸುಡುವಿಕೆ ಎಷ್ಟರಷ್ಟಾಗುತ್ತದೆ? ಇದು ಎರಡನೆಯದು.

ತರಗತಿಯಲ್ಲಿ ಕೇಳಿ ನೋಡಿದರೆ ಹೆಚ್ಚಿನ ವಿದ್ಯಾರ್ಥಿಗಳು ಎರಡಕ್ಕೂ 'ಎರಡರಷ್ಟು' ಎಂದೇ ಉತ್ತರಿಸುವ ಸಂಭವ ಹೆಚ್ಚು. 'ಒಂದು ಎರಡಾದರೆ ಎಲ್ಲವೂ ಎರಡಾಗುತ್ತದೆ' ಎಂಬುದು ನಮ್ಮ ಮನಸ್ಸಿನಲ್ಲಿ ಆಳವಾಗಿ ಬೇರೂರಿದ ನಂಬಿಕೆ. ಅದು ಹಲವು ಕಡೆ ತಪ್ಪು. ಕೆಲವು ಕಡೆ ಅಪಾಯಕಾರಿಯೂ ಹೌದು. ಹೇಗೆಂಬುದನ್ನು ಒಂದು ಆಟದ ಮೂಲಕ ತಿಳಿಯೋಣ.

ದಾಳದಿಂದ ಪೆಟ್ಟು ಅಳೆಯುವ ಆಟ

ಗೆಳೆಯರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಆಡುವ ಆಟಗಳಿವೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ವೀರ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುತ್ತಾರೆ. ಫಲವನ್ನು ದಾಳ ನಿರ್ಧರಿಸುತ್ತದೆ. ಇಂಥ ಆಟಗಳಲ್ಲಿ ಬಹು ಪ್ರಸಿದ್ಧವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು.

ಮೊದಲ ಆವೃತ್ತಿಯಲ್ಲಿ ಚೂರಿಯಾಗಲಿ ಗದೆಯಾಗಲಿ, ಪೆಟ್ಟನ್ನು ನಿರ್ಧರಿಸುತ್ತಿದ್ದುದು ಆರು ಮುಖದ ಒಂದೇ ದಾಳ. ಮರುವರ್ಷ ಬಂದ ಪುರವಣಿಯಲ್ಲಿ ಆಯುಧಕ್ಕೆ ತಕ್ಕಂತೆ ದಾಳ ಬದಲಾಯಿತು. ಈ ಆಟದಲ್ಲಿ ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳಿವೆ. ಚೂರಿಗೆ ನಾಲ್ಕು ಮುಖದ ದಾಳವಾದರೆ ಭಾರಿ ಗದೆಗೆ ಎಂಟು ಮುಖದ್ದು. ಬಿದ್ದ ಅಂಕೆಯಷ್ಟು ಎದುರಾಳಿಯ 'ಜೀವಾಂಕ'ದಿಂದ ಕಳೆಯಬೇಕು. ಜೀವಾಂಕ ಸೊನ್ನೆಗಿಳಿದರೆ ಅವನು ನೆಲಕ್ಕುರುಳಿದಂತೆ.

2003ರಲ್ಲಿ ಪರಿಷ್ಕೃತವಾದ ಆವೃತ್ತಿಯು ನಮ್ಮ ಎರಡೂ ಪ್ರಶ್ನೆಗಳಿಗೆ ಸ್ಪಷ್ಟ ನಿಯಮ ಕೊಟ್ಟಿದೆ. ಆದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದಕ್ಕೆ ಮುಂಚೆ ದಾಳದ 'ಸರಾಸರಿ' ಎಂದರೇನು ಎಂಬುದು ತಿಳಿದಿರಬೇಕು.

ಚೌಕಾಬಾರದ ಕವಡೆಗಳು

ಎಂಟು ಮುಖದ ದಾಳದಲ್ಲಿ 1ರಿಂದ 8ರವರೆಗಿನ ಪ್ರತಿ ಅಂಕೆಗೂ ಸಮಾನ ಅವಕಾಶ. ಎಲ್ಲ ಅಂಕೆಗಳನ್ನು ಕೂಡಿ ಎಂಟರಿಂದ ಭಾಗಿಸಿದರೆ 4.5 ಬರುತ್ತದೆ. ಒಂದೇ ಎಸೆತದಲ್ಲಿ 4.5 ಎಂದಿಗೂ ಬೀಳದು. ಆದರೆ ಸಾವಿರ ಸಲ ಎಸೆದರೆ ಮೊತ್ತ ಸುಮಾರು 4500 ಇರುತ್ತದೆ. ಮುಖಗಳ ಸಂಖ್ಯೆಗೆ ಒಂದು ಕೂಡಿಸಿ ಎರಡರಿಂದ ಭಾಗಿಸುವುದು ಇದರ ಸುಲಭ ಸೂತ್ರ. ನಾಲ್ಕು ಮುಖದ್ದಕ್ಕೆ 2.5, ಆರು ಮುಖದ್ದಕ್ಕೆ 3.5.

ನಾಲ್ಕು ಮುಖದ ದಾಳ ನಿಮ್ಮ ಊರಿನ ಅಂಗಡಿಯಲ್ಲಿ ಸಿಗದಿರಬಹುದು. ಚಿಂತೆಯಿಲ್ಲ, ಚೌಕಾಬಾರ ಆಡುವ ನಾಲ್ಕು ಕವಡೆ ಸಾಕು. ಸಾಮಾನ್ಯ ಪದ್ಧತಿಯಲ್ಲಿ ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸುತ್ತೇವೆ. ನಾಲ್ಕೂ ಮೇಲಾದರೆ ನಾಲ್ಕು, ಒಂದೂ ಮೇಲಾಗದಿದ್ದರೆ ಎಂಟು. ಪ್ರತಿ ಕವಡೆ ಮೇಲಾಗುವ, ಕೆಳಗಾಗುವ ಸಂಭವ ಸಮಾನವೆಂದು ಭಾವಿಸಿ. ಆಗ ಒಟ್ಟು 16 ರೀತಿಗಳು ಸಾಧ್ಯ. ಅವುಗಳಲ್ಲಿ ಒಂದು ಬೀಳುವುದು 4 ರೀತಿಯಲ್ಲಿ, ಎರಡು 6 ರೀತಿಯಲ್ಲಿ, ಮೂರು 4 ರೀತಿಯಲ್ಲಿ, ನಾಲ್ಕು 1 ರೀತಿಯಲ್ಲಿ, ಎಂಟು 1 ರೀತಿಯಲ್ಲಿ. ಈಗ ಲೆಕ್ಕ ಹಾಕಿ: 4 + 12 + 12 + 4 + 8 = 40. ಇದನ್ನು 16ರಿಂದ ಭಾಗಿಸಿದರೆ 2.5!

ಚೌಕಾಬಾರದ ಕವಡೆಗಳ ಸರಾಸರಿಯೂ ಚೂರಿಯ ದಾಳದ ಸರಾಸರಿಯೂ ಒಂದೇ ಆಯಿತು. ಆದರೆ ಎರಡರ ಸ್ವಭಾವ ಬೇರೆ. ದಾಳದಲ್ಲಿ 1, 2, 3, 4 ಎಲ್ಲಕ್ಕೂ ಸಮಾನ ಅವಕಾಶ. ಕವಡೆಗಳಲ್ಲಿ ಎರಡು ಹೆಚ್ಚು ಬೀಳುತ್ತದೆ, ಎಂಟು ಅಪರೂಪಕ್ಕೆ ಬಿದ್ದು ಆಟವನ್ನೇ ತಿರುಗಿಸುತ್ತದೆ. ಸರಾಸರಿ ಒಂದೇ ಆದರೂ ಚದುರುವಿಕೆ ಬೇರೆಯಾಗಿರಬಹುದು ಎಂಬ ಪಾಠಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗುವುದು ಕಷ್ಟ.

ನಾಲ್ಕು ಗದೆ, ಒಂದೇ ಬೆಂಕಿ

ಈಗ ನಿಯಮಕ್ಕೆ ಬರೋಣ. ಆ ಆಟದಲ್ಲಿ ಜೀವಿಗಳನ್ನು ಎತ್ತರದ ಮೇಲೆ ವರ್ಗ ಮಾಡಿದ್ದಾರೆ. 2ರಿಂದ 4 ಅಡಿಯವರು 'ಕುಳ್ಳ'ರು, 4ರಿಂದ 8 ಅಡಿಯವರು 'ಮಧ್ಯಮ'ರು, 8ರಿಂದ 16 ಅಡಿಯವರು 'ದೊಡ್ಡ'ವರು, 16ರಿಂದ 32 ಅಡಿಯವರು 'ದೈತ್ಯ'ರು. ಪ್ರತಿ ಮೆಟ್ಟಿಲಿಗೂ ಎತ್ತರ ಎರಡರಷ್ಟಾಗುವುದನ್ನು ಗಮನಿಸಿ. ನಾವು ನೀವೆಲ್ಲ ಮಧ್ಯಮರು. ಪ್ರತಿ ವರ್ಗಕ್ಕೂ ಅದರ ಕೈಗೆ ತಕ್ಕ ಅಳತೆಯ ಗದೆಯಿದೆ.

ಗದೆಗೆ ಅಗ್ನಿಮಂತ್ರ ಕಟ್ಟಿದರೆ ಆರು ಮುಖದ ಇನ್ನೊಂದು ದಾಳ ಎಸೆದು ಅದನ್ನು ಪೆಟ್ಟಿಗೆ ಕೂಡಬೇಕು. ಗದೆಯ ದಾಳ ಅಳತೆಗೆ ತಕ್ಕಂತೆ ಬದಲಾಗುತ್ತದೆ. ಬೆಂಕಿಯ ದಾಳ ಮಾತ್ರ ಯಾವ ಅಳತೆಯ ಗದೆಗೂ ಅದೇ. ಸರಾಸರಿಗಳನ್ನು ಪಟ್ಟಿ ಮಾಡಿದರೆ ಹೀಗಾಗುತ್ತದೆ:

ಕುಳ್ಳನ ಗದೆ: ಆರು ಮುಖದ 1 ದಾಳ. ಪೆಟ್ಟು 3.5, ಬೆಂಕಿ 3.5, ಒಟ್ಟು 7. ಒಟ್ಟಿನಲ್ಲಿ ಬೆಂಕಿಯ ಪಾಲು ಶೇ. 50.

ಮಧ್ಯಮನ ಗದೆ: ಎಂಟು ಮುಖದ 1 ದಾಳ. ಪೆಟ್ಟು 4.5, ಬೆಂಕಿ 3.5, ಒಟ್ಟು 8. ಬೆಂಕಿಯ ಪಾಲು ಸುಮಾರು ಶೇ. 44.

ದೊಡ್ಡವನ ಗದೆ: ಆರು ಮುಖದ 2 ದಾಳ. ಪೆಟ್ಟು 7, ಬೆಂಕಿ 3.5, ಒಟ್ಟು 10.5. ಬೆಂಕಿಯ ಪಾಲು ಸುಮಾರು ಶೇ. 33.

ದೈತ್ಯನ ಗದೆ: ಆರು ಮುಖದ 3 ದಾಳ. ಪೆಟ್ಟು 10.5, ಬೆಂಕಿ 3.5, ಒಟ್ಟು 14. ಬೆಂಕಿಯ ಪಾಲು ಶೇ. 25.

ಎರಡನೆಯ ಪ್ರಶ್ನೆಗೆ ಆಟ ಕೊಡುವ ಉತ್ತರ ಇದೇ: ಗದೆ ಎಷ್ಟೇ ಬೆಳೆದರೂ ಮಂತ್ರ ಬೆಳೆಯುವುದಿಲ್ಲ. ಇದೇ ಆಟದಲ್ಲಿ ಮನುಷ್ಯನನ್ನು ಹಿಗ್ಗಿಸುವ ಮಂತ್ರವೊಂದಿದೆ. ಅದರಿಂದ ಎತ್ತರ 2 ಪಟ್ಟಾಗುತ್ತದೆ, ತೂಕ 8 ಪಟ್ಟಾಗುತ್ತದೆ, ಕೈಯಲ್ಲಿರುವ ಆಯುಧವೂ ಹಿಗ್ಗಿ ಹೆಚ್ಚು ಪೆಟ್ಟು ಕೊಡುತ್ತದೆ. ಆದರೆ ಆಯುಧದ ಮಾಂತ್ರಿಕ ಗುಣ ಹೆಚ್ಚುವುದಿಲ್ಲ ಎಂದು ನಿಯಮದಲ್ಲಿಯೇ ಬರೆದಿದ್ದಾರೆ.

ಇದು ನಮಗೆ ತೀರ ಹೊಸ ವಿಚಾರವೇನಲ್ಲ. ನಮ್ಮ ಭಾಷೆಯಲ್ಲಿ 'ಶಸ್ತ್ರ' ಮತ್ತು 'ಅಸ್ತ್ರ' ಎಂದು ಎರಡು ಮಾತುಗಳಿವೆ. ಕೈಯಲ್ಲಿ ಹಿಡಿದು ತೋಳ್ಬಲದಿಂದ ಹೊಡೆಯುವುದು ಶಸ್ತ್ರ. ಪುರಾಣಗಳಲ್ಲಿ ಮಂತ್ರದಿಂದ ಆವಾಹಿಸಿ ಬಿಡುವುದು ಅಸ್ತ್ರ. ಮಹಾಭಾರತದ ಅಶ್ವತ್ಥಾಮ ಒಂದು ಹುಲ್ಲುಕಡ್ಡಿಗೆ ಬ್ರಹ್ಮಶಿರಾಸ್ತ್ರವನ್ನು ಆವಾಹಿಸಿದ. ಕಡ್ಡಿಯ ಅಳತೆ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಬೆಂಕಿಯ ಗದೆಯಲ್ಲಿ ಶಸ್ತ್ರದ ಭಾಗವೊಂದು, ಅಸ್ತ್ರದ ಭಾಗವೊಂದು ಸೇರಿವೆ ಎನ್ನಬಹುದು. ಮೊದಲನೆಯದು ಅಳತೆಯನ್ನು ಅವಲಂಬಿಸಿದೆ, ಎರಡನೆಯದು ಅವಲಂಬಿಸಿಲ್ಲ.

ಕೂಡುವುದೋ, ಗುಣಿಸುವುದೋ?

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಒಂದೇ ಬೆಂಕಿ ಕುಳ್ಳನ ಗದೆಯ ಪೆಟ್ಟನ್ನು ಇಮ್ಮಡಿ ಮಾಡಿತು. ದೈತ್ಯನ ಗದೆಗೆ ಅದು ಸೇರಿಸಿದ್ದು ಮೂರನೆಯ ಒಂದು ಭಾಗ ಮಾತ್ರ. ಸ್ಥಿರವಾದ ಮೊತ್ತವೊಂದನ್ನು ಕೂಡಿದಾಗ ಅದರ ಲಾಭ ಚಿಕ್ಕದಕ್ಕೇ ಹೆಚ್ಚು.

ಇದು ಸಂಬಳದ ಲೆಕ್ಕವೂ ಹೌದು. ರಬಕವಿ-ಬನಹಟ್ಟಿಯ ಇಬ್ಬರು ನೇಕಾರರನ್ನು ಊಹಿಸಿಕೊಳ್ಳಿ. ಒಬ್ಬರ ದಿನದ ಗಳಿಕೆ 300 ರೂಪಾಯಿ, ಇನ್ನೊಬ್ಬರದು 600 ಎಂದಿಟ್ಟುಕೊಳ್ಳೋಣ. ಇಬ್ಬರಿಗೂ 150 ರೂಪಾಯಿ ಹೆಚ್ಚಿಗೆ ಕೊಟ್ಟರೆ ಮೊದಲನೆಯವರ ಗಳಿಕೆ ಶೇ. 50 ಏರುತ್ತದೆ, ಎರಡನೆಯವರದು ಶೇ. 25. ಹಾಗಲ್ಲದೆ ಇಬ್ಬರಿಗೂ ಶೇ. 25 ಏರಿಸಿದರೆ ಮೊದಲನೆಯವರಿಗೆ ಸಿಗುವುದು 75 ರೂಪಾಯಿ, ಎರಡನೆಯವರಿಗೆ 150. ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಟ್ಟಿಭತ್ಯೆ ಶೇಕಡಾ ಲೆಕ್ಕದ್ದು, ಆದ್ದರಿಂದ ಅದು ಗುಣಾಕಾರ. ನಿಗದಿತ ಮೊತ್ತದ ಭತ್ಯೆ ಸಂಕಲನ. 'ಏರಿಕೆ' ಎಂಬ ಮಾತು ಕೇಳಿದಾಗಲೆಲ್ಲ ಅದು ಕೂಡುವ ಏರಿಕೆಯೋ ಗುಣಿಸುವ ಏರಿಕೆಯೋ ಎಂದು ವಿಚಾರಿಸುವುದು ಒಳ್ಳೆಯದು.

ಆಟದ ಇನ್ನೊಂದು ನಿಯಮ ಈ ಭೇದವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಹೊಡೆಯುವಾಗ ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಮರ್ಮಕ್ಕೆ ಪೆಟ್ಟು ತಗಲುವ ಅವಕಾಶ ಉಂಟು. ದುರ್ಯೋಧನನ ತೊಡೆಗೆ ಬಿದ್ದಂಥ ಪೆಟ್ಟು ಅದು. ಆಗ ಗದೆಯ ಪೆಟ್ಟು ಇಮ್ಮಡಿಯಾಗುತ್ತದೆ. ಹಾಗಾದರೆ ಬೆಂಕಿ? 2003ರ ಆವೃತ್ತಿಯಲ್ಲಿ ಹೆಚ್ಚುವರಿ ದಾಳಗಳು ಇಮ್ಮಡಿಯಾಗುವುದಿಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಎಲ್ಲ ದಾಳಗಳೂ ಇಮ್ಮಡಿಯಾಗುತ್ತವೆ. ಗದೆಯ ಪೆಟ್ಟನ್ನು 'ಗ' ಎಂದೂ ಬೆಂಕಿಯನ್ನು 'ಬ' ಎಂದೂ ಕರೆದರೆ ಮೊದಲನೆಯದು 2ಗ + ಬ, ಎರಡನೆಯದು 2(ಗ + ಬ). ಮಧ್ಯಮನ ಗದೆಯ ಸರಾಸರಿಗಳನ್ನು ಎರಡಕ್ಕೂ ಹಾಕಿ ನೋಡಿ: ಒಂದು 12.5, ಇನ್ನೊಂದು 16. ಆವರಣ ಚಿಹ್ನೆ ಎಲ್ಲಿ ಬಿದ್ದಿತು ಎಂಬುದಷ್ಟೇ ಎರಡರ ನಡುವಿನ ವ್ಯತ್ಯಾಸ. ಬೀಜಗಣಿತದ ಪಾಠದಲ್ಲಿ ಆವರಣವನ್ನು ಮರೆಯುವ ವಿದ್ಯಾರ್ಥಿಗೆ ಈ ಉದಾಹರಣೆ ಕೊಟ್ಟು ನೋಡಬಹುದು.

ನೂಲು, ಬಟ್ಟೆ, ಬೆಲ್ಲ

ಬೆಂಕಿಯ ದಾಳ ಬೆಳೆಯದು ಎಂಬುದು ಆಟದ ನಿಯಮವಾಯಿತು. ಪ್ರಕೃತಿಯ ನಿಯಮವೇನು? ಅದನ್ನು ತಿಳಿಯಲು ಈ ಭಾಗದಲ್ಲಿಯೇ ತಯಾರಾಗುವ ಮೂರು ವಸ್ತುಗಳನ್ನು ನೋಡೋಣ.

ರಬಕವಿ-ಬನಹಟ್ಟಿಯ ಮಗ್ಗದ ಮೇಲಿನ ನೂಲಿನ ಎಳೆಯನ್ನು ಎರಡರಷ್ಟು ಉದ್ದ ಮಾಡಿದರೆ ಬೇಕಾಗುವ ನೂಲು 2 ಪಟ್ಟು. ಬಟ್ಟೆಯ ಉದ್ದ, ಅಗಲ ಎರಡನ್ನೂ ಎರಡರಷ್ಟು ಮಾಡಿದರೆ ವಿಸ್ತೀರ್ಣ 4 ಪಟ್ಟು. ಮುಧೋಳ, ಮಹಾಲಿಂಗಪುರ ಸೀಮೆಯ ಬೆಲ್ಲದ ಪೆಂಟಿ 10 ಸೆಂ.ಮೀ. ಬದಿಯ ಘನಾಕೃತಿಯಲ್ಲಿದೆ ಎಂದಿಟ್ಟುಕೊಳ್ಳಿ. ಅದರ ಬದಿಯನ್ನು 20 ಸೆಂ.ಮೀ. ಮಾಡಿದರೆ ಬೆಲ್ಲ 8 ಪಟ್ಟು ಬೇಕು. ದೊಡ್ಡ ಪೆಂಟಿಯನ್ನು ಮೂರೂ ದಿಕ್ಕಿನಲ್ಲಿ ಅರ್ಧರ್ಧ ಮಾಡಿದರೆ ಎಂಟು ಚಿಕ್ಕ ಪೆಂಟಿಗಳಾಗುವುದನ್ನು ಕಣ್ಣಾರೆ ಕಾಣಬಹುದು.

2, 4, 8 ಎಂದರೆ ಎರಡರ 1, 2, 3ನೆಯ ಘಾತಗಳು. ಉದ್ದವನ್ನು ಹಿಗ್ಗಿಸಿದಾಗ ನೂಲಿನ ಘಾತಾಂಕ 1, ಬಟ್ಟೆಯದು 2, ಬೆಲ್ಲದ್ದು 3. ಹಾಗಾದರೆ ಆಟದ ಬೆಂಕಿಯ ಘಾತಾಂಕವೆಷ್ಟು? ಎರಡರ ಸೊನ್ನೆಯ ಘಾತ 1. ಉದ್ದ ಎಷ್ಟಾದರೂ ಬೆಂಕಿ ಅಷ್ಟೇ. ಆದ್ದರಿಂದ ಅದರ ಘಾತಾಂಕ ಸೊನ್ನೆ.

ಈಗ ಆಟದ ಪಟ್ಟಿಗೆ ಮರಳೋಣ. ಕುಳ್ಳನಿಂದ ದೈತ್ಯನವರೆಗೆ ಮೂರು ಮೆಟ್ಟಿಲು, ಅಂದರೆ ಎತ್ತರ 8 ಪಟ್ಟು. ಗದೆಯ ಪೆಟ್ಟು 3.5ರಿಂದ 10.5ಕ್ಕೆ ಏರಿದೆ, ಅಂದರೆ 3 ಪಟ್ಟು. 8ರ ವರ್ಗಮೂಲ ಸುಮಾರು 2.83. ಎಂದರೆ ಆಟದಲ್ಲಿ ಪೆಟ್ಟು ಹೆಚ್ಚುಕಡಿಮೆ ಎತ್ತರದ ವರ್ಗಮೂಲದಂತೆ ಬೆಳೆಯುತ್ತಿದೆ. ಅದರ ಘಾತಾಂಕ ಅರ್ಧದ ಆಸುಪಾಸು. ಆಯುಧದ ತೂಕ ಪ್ರತಿ ಮೆಟ್ಟಿಲಿಗೆ 2 ಪಟ್ಟು ಎಂದು ಅದೇ ಪುಸ್ತಕ ಹೇಳುತ್ತದೆ; ಅಲ್ಲಿ ಘಾತಾಂಕ 1. ಹಿಗ್ಗಿದ ಮನುಷ್ಯನ ತೂಕ 8 ಪಟ್ಟು. ಅಲ್ಲಿ ಘಾತಾಂಕ 3. ಒಂದೇ ಆಟದಲ್ಲಿ ದೇಹದ ತೂಕಕ್ಕೆ 3, ಆಯುಧದ ತೂಕಕ್ಕೆ 1, ಪೆಟ್ಟಿಗೆ ಅರ್ಧ, ಮಂತ್ರಕ್ಕೆ ಸೊನ್ನೆ! 'ದೊಡ್ಡದಾಯಿತು' ಎಂಬ ಒಂದೇ ಮಾತಿನ ಒಳಗೆ ನಾಲ್ಕು ಬಗೆಯ ಬೆಳವಣಿಗೆಗಳು ಅಡಗಿವೆ.

ನಿಜವಾದ ಗದೆ

ಇವುಗಳಲ್ಲಿ ಪ್ರಕೃತಿಗೆ ಒಪ್ಪುವಂಥದ್ದು ಯಾವುದು? ದೇಹದ ತೂಕದ ಲೆಕ್ಕ ಸರಿಯಾಗಿದೆ. ಆಯುಧದ ತೂಕದ ಲೆಕ್ಕ ಸರಿಯಿಲ್ಲ. ಅದೇ ಲೋಹದಲ್ಲಿ ಅದೇ ಆಕಾರದ ಗದೆಯನ್ನು ಎರಡರಷ್ಟು ಹಿಗ್ಗಿಸಿದರೆ ಅದರ ತೂಕವೂ 8 ಪಟ್ಟಾಗಲೇಬೇಕು.

ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು ಎತ್ತುವ ಪಂದ್ಯಗಳನ್ನು ನೋಡಿದವರಿಗೆ ಇದರ ಅನುಭವವಿರುತ್ತದೆ. ಗ್ರಾನೈಟಿನಂಥ ಕಲ್ಲಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ. 30 ಸೆಂ.ಮೀ. ವ್ಯಾಸದ ಗುಂಡಿನ ತೂಕ ಸುಮಾರು 38 ಕಿ.ಗ್ರಾಂ. ವ್ಯಾಸ 40 ಸೆಂ.ಮೀ. ಆದರೆ ತೂಕ ಸುಮಾರು 90 ಕಿ.ಗ್ರಾಂ. ಕಣ್ಣಿಗೆ 'ಸ್ವಲ್ಪ ದೊಡ್ಡದು' ಎಂದು ಕಾಣುವ ಕಲ್ಲು ಬೆನ್ನಿಗೆ ಎರಡೂಕಾಲು ಪಟ್ಟಿಗಿಂತಲೂ ಹೆಚ್ಚು ಭಾರ! ಪಂದ್ಯಕ್ಕೆ ಹೊಸದಾಗಿ ಇಳಿಯುವ ಹುಡುಗರು ಇದನ್ನು ಮೊದಲೇ ತಿಳಿದಿರುವುದು ಕ್ಷೇಮ.

ಗದೆಯನ್ನು ಎತ್ತಿದರೆ ಸಾಲದು, ಬೀಸಬೇಕು. ಬೀಸುವಾಗ ವಸ್ತು ಒಡ್ಡುವ ವಿರೋಧ ಅದರ ರಾಶಿಯನ್ನಷ್ಟೇ ಅಲ್ಲ, ಆ ರಾಶಿ ಹಿಡಿಯಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸಿದೆ. ಇದಕ್ಕೆ ಜಡತ್ವ ಭ್ರಾಮಕವೆಂದು ಹೆಸರು. ಗದೆ ಎರಡರಷ್ಟು ಹಿಗ್ಗಿದಾಗ ರಾಶಿ 8 ಪಟ್ಟು, ದೂರದ ವರ್ಗ 4 ಪಟ್ಟು, ಒಟ್ಟು 32 ಪಟ್ಟು. ಇಲ್ಲಿ ಘಾತಾಂಕ 5! ಗರಡಿಯಲ್ಲಿ ಗದೆ ತಿರುಗಿಸಿ ಸಾಧನೆ ಮಾಡಿದ ಜಟ್ಟಿಗೂ ಅಂಥ ಗದೆ ಅಲುಗಾಡದು. ದೊಡ್ಡಾಟದ ಭೀಮ ತನ್ನ ತಲೆಗಿಂತ ದೊಡ್ಡ ಗದೆ ಹೊತ್ತು ಕುಣಿಯುತ್ತಾನಲ್ಲ ಎಂದು ನೀವು ಕೇಳಬಹುದು. ಆ ಗದೆ ಹಗುರವಾದ ವಸ್ತುವಿನದು. ಅಳತೆ ದೊಡ್ಡದು, ಸಾಂದ್ರತೆ ಕಡಿಮೆ.

ಗದೆಯ ಜೊತೆಗೆ ಭೀಮನೂ ಎರಡರಷ್ಟು ಹಿಗ್ಗಿದರೆ? ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ, ಆದ್ದರಿಂದ 4 ಪಟ್ಟು. ಅದು ಸಂಕುಚಿಸುವ ದೂರ 2 ಪಟ್ಟು. ಬಲ ಮತ್ತು ದೂರದ ಗುಣಲಬ್ಧವೇ ಕೆಲಸ, ಅಂದರೆ 8 ಪಟ್ಟು. ಜ್ಯಾಮಿತಿಯ ಪ್ರಕಾರ ಹಿಗ್ಗಿದ ಭೀಮ ಗದೆಗೆ ಕೊಡಬಲ್ಲ ಚಲನ ಶಕ್ತಿ 8 ಪಟ್ಟು. ಆಟ ಕೊಟ್ಟದ್ದು 4.5ರಿಂದ 7ಕ್ಕೆ, ಒಂದೂವರೆ ಪಟ್ಟು ಮಾತ್ರ. ಆಟದ ದೃಷ್ಟಿಯಿಂದ ಇದರ ಅನುಕೂಲ ಸ್ಪಷ್ಟ. ಹೊಸ ವೀರನಿಗೆ ಇರುವುದು ಸುಮಾರು ಹತ್ತು ಜೀವಾಂಕ. 4.5ನ್ನು 8ರಿಂದ ಗುಣಿಸಿದರೆ 36. ಮೊದಲ ಪೆಟ್ಟಿಗೇ ಕಥೆ ಮುಗಿದು ಗೆಳೆಯರು ಮನೆಗೆ ಹೋಗಬೇಕಾದೀತು!

ಹಿಗ್ಗಿದವನಿಗೆ ಇನ್ನೊಂದು ತೊಂದರೆಯೂ ಇದೆ. ಅವನ ತೂಕ 8 ಪಟ್ಟು, ಅದನ್ನು ಹೊರುವ ತೊಡೆಮೂಳೆಯ ಅಡ್ಡಕೊಯ್ತ 4 ಪಟ್ಟು ಮಾತ್ರ. ಮೂಳೆಯ ಪ್ರತಿ ಚದರ ಸೆಂಟಿಮೀಟರೂ ಎರಡರಷ್ಟು ಭಾರ ಹೊರಬೇಕು. ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿ, ದೊಡ್ಡ ಪ್ರಾಣಿಗಳ ಮೂಳೆ ಉದ್ದಕ್ಕೆ ಹೋಲಿಸಿದರೆ ಹೆಚ್ಚು ದಪ್ಪವಾಗಿರಬೇಕೆಂದು ಚಿತ್ರ ಸಹಿತ ತೋರಿಸಿದ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅದಕ್ಕೂ ಮುಂಚೆ, 1926ರಲ್ಲಿ, ಜೀವಿಗಳಿಗೆ ತಕ್ಕ ಅಳತೆ ಯಾವುದು ಎಂಬ ಬಗ್ಗೆ ಬರೆದ ಪ್ರಬಂಧ ಇದೇ ತರ್ಕವನ್ನು ಮುಂದುವರಿಸಿತು. ಕಥೆಯ ದೈತ್ಯನ ತೊಡೆ ಮುರಿಯಲು ಭೀಮನೇ ಬರಬೇಕೆಂದಿಲ್ಲ. ಅವನ ತೂಕವೇ ಆ ಕೆಲಸ ಮಾಡೀತು.

ನಿಜವಾದ ಬೆಂಕಿ

ಇನ್ನು ಬೆಂಕಿ. ಮಂತ್ರದ ಬೆಂಕಿಯ ಘಾತಾಂಕ ಸೊನ್ನೆ ಎಂದು ಆಟ ನಿರ್ಧರಿಸಿತು. ಅದು ಕಲ್ಪನೆಯ ಲೋಕ, ಅಲ್ಲಿ ಹಾಗಿರಬಹುದು. ನಿಜವಾದ ಬೆಂಕಿ ಹಾಗಲ್ಲ.

ಘನವಸ್ತು ಉರಿಯುವುದು ಗಾಳಿಗೆ ತೆರೆದ ಮೇಲ್ಮೈಯಲ್ಲಿ. ಆಮ್ಲಜನಕ ತಗಲುವುದು ಅಲ್ಲಿಯೇ. ಆದ್ದರಿಂದ ಬೆಂಕಿಯ ಲೆಕ್ಕ ಬಟ್ಟೆಯ ಲೆಕ್ಕದಂತೆ, ಘಾತಾಂಕ 2. ವಸ್ತುವಿನ ರಾಶಿಯ ಲೆಕ್ಕ ಬೆಲ್ಲದ್ದು, ಘಾತಾಂಕ 3. ವಸ್ತು ದೊಡ್ಡದಾದಂತೆ ಒಟ್ಟು ಮೇಲ್ಮೈ ಹೆಚ್ಚಿದರೂ ಪ್ರತಿ ಕಿಲೋಗ್ರಾಂಗೆ ಸಿಗುವ ಮೇಲ್ಮೈ ಕಡಿಮೆಯಾಗುತ್ತದೆ. ಚಿಕ್ಕದಾದಂತೆ ಅದು ಹೆಚ್ಚುತ್ತದೆ. ಒಲೆ ಹೊತ್ತಿಸುವವರು ಮೊದಲು ಸಿಬಿರು ಇಡುತ್ತಾರೆ, ಕೊರಡನ್ನಲ್ಲ. ಹೊಲದಲ್ಲಿ ಕಬ್ಬಿನ ಒಣ ರವದಿ ಒಂದು ಕಿಡಿಗೆ ಭಗ್ಗನೆ ಹೊತ್ತಿಕೊಳ್ಳುವುದಕ್ಕೂ ಇದೇ ಕಾರಣ.

ಜಮಖಂಡಿ, ಮುಧೋಳ, ಬೀಳಗಿ ಭಾಗ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳು ಇಲ್ಲಿ ಸಾಕಷ್ಟಿವೆ. ಆದ್ದರಿಂದ ಸಕ್ಕರೆಯನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ. ಒಂದು ಕಿಲೋಗ್ರಾಂ ಸಕ್ಕರೆ ಒಂದೇ ಘನಾಕೃತಿಯ ಗಟ್ಟಿಯಾಗಿದ್ದರೆ ಅದರ ಬದಿ ಸುಮಾರು 8.6 ಸೆಂ.ಮೀ., ಮೇಲ್ಮೈ ಸುಮಾರು 440 ಚದರ ಸೆಂ.ಮೀ. ಶಾಲೆಯ ನೋಟುಪುಸ್ತಕವೊಂದರ ಹಾಳೆಯಷ್ಟು ಎನ್ನಬಹುದು. ಅದೇ ಸಕ್ಕರೆಯನ್ನು 0.1 ಮಿ.ಮೀ. ಬದಿಯ ಕಣಗಳಾಗಿ ಪುಡಿ ಮಾಡಿದರೆ ಒಟ್ಟು ಮೇಲ್ಮೈ ಸುಮಾರು 38 ಚದರ ಮೀಟರ್. ಇದು ತರಗತಿಯ ಕೋಣೆಯೊಂದರ ನೆಲದಷ್ಟು. ಮೊದಲಿಗಿಂತ 850 ಪಟ್ಟಿಗೂ ಹೆಚ್ಚು. ಸಕ್ಕರೆ ಒಂದು ಗ್ರಾಮೂ ಹೆಚ್ಚಿಲ್ಲ ಎಂಬುದನ್ನು ಗಮನಿಸಿ.

ಇಂಥ ನುಣ್ಣನೆಯ ಪುಡಿ ಮುಚ್ಚಿದ ಜಾಗದಲ್ಲಿ ಗಾಳಿಯಲ್ಲಿ ತೇಲುತ್ತಿರುವಾಗ ಕಿಡಿ ತಗಲಿದರೆ ಎಲ್ಲ ಕಣಗಳೂ ಬಹುತೇಕ ಒಟ್ಟಿಗೆ ಉರಿಯುತ್ತವೆ. ಬಿಸಿಯಾದ ಅನಿಲ ಹಿಗ್ಗುತ್ತದೆ, ಒತ್ತಡ ಏರುತ್ತದೆ, ಸ್ಫೋಟವಾಗುತ್ತದೆ. ಮೊದಲ ಸ್ಫೋಟದ ಅದುರಿಗೆ ತೊಲೆಗಳ ಮೇಲೆ, ಯಂತ್ರಗಳ ಮೇಲೆ ಕೂತ ಧೂಳೆಲ್ಲ ಮೇಲೆದ್ದು ಇನ್ನೂ ದೊಡ್ಡ ಸ್ಫೋಟಕ್ಕೆ ದಾರಿಯಾಗುತ್ತದೆ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಎಂಬಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ನಡೆದದ್ದು ಇದೇ. ಆ ಸಕ್ಕರೆ ಧೂಳಿನ ಸ್ಫೋಟದಲ್ಲಿ 14 ಜನ ಸತ್ತರು. ನಾವು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯೇ ಅದು. ಬದಲಾದದ್ದು ಕಣದ ಅಳತೆ ಮಾತ್ರ.

'ಸಣ್ಣದು, ಆದ್ದರಿಂದ ಅಪಾಯವೂ ಸಣ್ಣದು' ಎಂಬುದು ಇಲ್ಲಿ ತಲೆಕೆಳಗಾದ ತರ್ಕ. ಹಿಟ್ಟಿನ ಗಿರಣಿಯ ಧೂಳಿಗೂ ಅರಳೆಯ ಧೂಳಿಗೂ ಈ ಮಾತು ಅನ್ವಯಿಸುತ್ತದೆ. ಧೂಳು ಕೂರದಂತೆ ನೋಡಿಕೊಳ್ಳುವುದು, ಕಿಡಿ ಹಾರದಂತೆ ಎಚ್ಚರ ವಹಿಸುವುದು ಬರಿಯ ಶುಚಿತ್ವದ ಮಾತಲ್ಲ, ಪ್ರಾಣರಕ್ಷಣೆಯ ಮಾತು. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂಥ ಕಾರ್ಖಾನೆ, ಗಿರಣಿಗಳಲ್ಲಿಯೇ ಕೆಲಸಕ್ಕೆ ಸೇರುವವರು.

ಮಾಡಿ ನೋಡಿ

1. ನಾಲ್ಕು ಕವಡೆಗಳನ್ನು 160 ಸಲ ಎಸೆದು 1, 2, 3, 4, 8 ಎಷ್ಟೆಷ್ಟು ಸಲ ಬಿದ್ದವೆಂದು ಬರೆದಿಡಿ. ಲೆಕ್ಕದ ಪ್ರಕಾರ 40, 60, 40, 10, 10 ಸಲ ಬೀಳಬೇಕು. ಬಹಳ ವ್ಯತ್ಯಾಸ ಕಂಡರೆ ಗಾಬರಿ ಬೇಡ. ನಿಮ್ಮ ಕವಡೆಗಳು ಎರಡೂ ಕಡೆ ಸಮನಾಗಿ ಬೀಳುವುದಿಲ್ಲ ಎಂದು ಅರ್ಥ. ಒಂದೇ ಕವಡೆಯನ್ನು 100 ಸಲ ಎಸೆದು ಇದನ್ನು ಪರೀಕ್ಷಿಸಿ.

2. ಚೌಕಾಬಾರದ ಕವಡೆಯಿಂದ ಚೂರಿಯ ಪೆಟ್ಟನ್ನೂ ಸಾಮಾನ್ಯ ದಾಳದಿಂದ ಬೆಂಕಿಯನ್ನೂ ನಿರ್ಧರಿಸಿ, ಎರಡನ್ನೂ ಕೂಡಿ. ಹೀಗೆ 50 ಸಲ ಮಾಡಿದಾಗ ಸರಾಸರಿ 6ರ ಹತ್ತಿರ ಬರುವುದೇ? ಅದರಲ್ಲಿ ಬೆಂಕಿಯ ಪಾಲು ಶೇಕಡಾ ಎಷ್ಟು?

3. ಒದ್ದೆ ಜೇಡಿಮಣ್ಣಿನಿಂದ 2 ಸೆಂ.ಮೀ. ಮತ್ತು 4 ಸೆಂ.ಮೀ. ವ್ಯಾಸದ ಎರಡು ಗುಂಡು ಮಾಡಿ ತೂಗಿ. ದೊಡ್ಡದರ ತೂಕ ಎಂಟರಷ್ಟಿದೆಯೇ? ಎರಡನ್ನೂ ನೆರಳಿನಲ್ಲಿ ಒಣಗಲು ಇಡಿ. ಮೊದಲು ಒಣಗುವುದು ಯಾವುದು, ಏಕೆ?

4. ಒಂದೇ ತೂಕದ ಎರಡು ಬೆಲ್ಲದ ತುಂಡು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ, ಇನ್ನೊಂದನ್ನು ಪುಡಿ ಮಾಡಿ, ಸಮ ಪ್ರಮಾಣದ ನೀರಿಗೆ ಹಾಕಿ. ಕರಗಲು ತಗಲುವ ಸಮಯ ಗುರುತಿಸಿ. ಮೇಲ್ಮೈಯ ಪ್ರಭಾವವನ್ನು ಬೆಂಕಿಯಿಲ್ಲದೆ ತೋರಿಸುವ ಪ್ರಯೋಗವಿದು. ಧೂಳಿಗೆ ಬೆಂಕಿ ಹಚ್ಚುವ ಪ್ರಯೋಗವನ್ನು ಮಾತ್ರ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಖಂಡಿತ ಮಾಡಬೇಡಿ.

ಲೇಖನದ ಮೊದಲಿಗೆ ಕೇಳಿದ ಎರಡು ಪ್ರಶ್ನೆಗಳಿಗೆ ಈಗ ನೀವೇ ಉತ್ತರ ಹೇಳಬಲ್ಲಿರಿ. ಆಟದ ಲೋಕದಲ್ಲಿ ಗದೆ ಒಂದು ಮೆಟ್ಟಿಲು ಹಿಗ್ಗಿದರೆ ಪೆಟ್ಟು ಸುಮಾರು ಒಂದೂವರೆ ಪಟ್ಟು, ಮಂತ್ರ ಇದ್ದಷ್ಟೇ. ಪ್ರಕೃತಿಯಲ್ಲಿ ತೂಕ ಎಂಟು ಪಟ್ಟು, ಬೀಸಲು ಒಡ್ಡುವ ವಿರೋಧ ಮೂವತ್ತೆರಡು ಪಟ್ಟು, ಉರಿಯಬಲ್ಲ ಮೇಲ್ಮೈ ನಾಲ್ಕು ಪಟ್ಟು. ಆಟದ ನಿಯಮವನ್ನು ಬರೆದವರು ಬದಲಿಸಬಹುದು. 2003ರಲ್ಲಿ ಆವರಣದ ಹೊರಗಿದ್ದ ಬೆಂಕಿ 2014ರಲ್ಲಿ ಒಳಗೆ ಬಂದದ್ದನ್ನು ನಾವು ನೋಡಿದೆವು. ಪ್ರಕೃತಿಯ ಘಾತಾಂಕಗಳನ್ನು ಬದಲಿಸಲು ಯಾರಿಂದಲೂ ಆಗದು. ಆದ್ದರಿಂದ ಯಾವುದೇ ವಸ್ತು ಹಿಗ್ಗಿದಾಗ ಅಥವಾ ಕುಗ್ಗಿದಾಗ 'ಎಷ್ಟರಷ್ಟಾಯಿತು?' ಎಂದು ಕೇಳುವ ಮೊದಲು 'ಯಾವುದು ಎಷ್ಟರಷ್ಟಾಯಿತು?' ಎಂದು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸೋಣ.